ಗೋಡೆ ಇನ್ನೂ ಒಣಗಿಲ್ಲ

ಮಾರ್ಚ್ ೩

ಪುಟ್ಟೀ,

ನೀನು ಹೇಳಿಕಳಿಸಿದ ಪೈಪಿನ ಮೇಸ್ತ್ರಿ ನಿನ್ನೆ ಬಂದು ಮನೆಯನ್ನೆಲ್ಲ ನೋಡಿಕೊಂಡು ಹೋದರು. ಬಂದವರು ಒಬ್ಬರಲ್ಲ, ಗಂಡ ಹೆಂಡತಿ ಇಬ್ಬರೂ. ಗೋಡೆ ಕೊರೆಯುವುದು ಆತನ ಕೆಲಸ, ಕೊರೆದದ್ದಕ್ಕೆ ಗಾರೆ ಹಾಕಿ ಮುಚ್ಚುವುದು ಆಕೆಯ ಕೆಲಸ. "ಮದುವೆಯಾದಾಗಿನಿಂದ ಹೀಗೇ ಅಮ್ಮಾ ನಮ್ಮ ಸಂಸಾರ. ಇವ್ರು ತೂತು ಮಾಡ್ತಾ ಹೋಗೋದು, ನಾನು ಮುಚ್ತಾ ಹೋಗೋದು" ಎಂದು ಆಕೆ ನಕ್ಕರು. ನನಗೆ ಇಬ್ಬರೂ ಹಿಡಿಸಿದರು.

ಮೇಸ್ತ್ರಿ ಬೆರಳ ಗೆಣ್ಣಿನಿಂದ ಗೋಡೆಗಳನ್ನು ಬಡಿದು ಬಡಿದು ಕೇಳಿಸಿಕೊಂಡರು. ಕಸ ಎಳೆಯುವ ಯಂತ್ರ ಹಿತ್ತಲ ಶೆಡ್ಡಿನಲ್ಲಿ ಇರುತ್ತದಂತೆ. ಅಲ್ಲಿಂದ ಗೋಡೆಯ ಒಳಗೊಳಗೇ ಕೊಳವೆ ಹಾದು ಎಲ್ಲ ಕೋಣೆಗೂ ಬರುತ್ತದೆ. ಕೋಣೆಯ ಗೋಡೆಯಲ್ಲಿ ಸ್ವಿಚ್ಚಿನ ಹಾಗೆ ಮುಚ್ಚಳವಿರುವ ಒಂದು ಬಾಯಿ. ಮುಚ್ಚಳ ಎತ್ತಿ ಉದ್ದನೆಯ ಮೆತ್ತನೆ ಕೊಳವೆ ಸಿಕ್ಕಿಸಿದರೆ ಸಾಕು, ಧೂಳೆಲ್ಲ ಗೋಡೆಯೊಳಗೆ ಹೋಗಿ ಶೆಡ್ಡಿನ ಡಬ್ಬಿಯಲ್ಲಿ ಬೀಳುತ್ತದೆ. "ಗಲಾಟೆಯೆಲ್ಲ ಶೆಡ್ಡಲ್ಲಿ. ಮನೆ ಒಳಗೆ ಬರೀ ಗಾಳಿ ಎಳೆಯೋ ಸದ್ದು, ಯಾರೋ ನಿಟ್ಟುಸಿರು ಬಿಟ್ಟಂಗೆ" ಎಂದರು. ನನಗೆ ಬೇಕಾಗಿದ್ದೂ ಅದೇ. ದೊರೆಗೆ ಯಂತ್ರದ ಗಲಾಟೆ ಕೇಳಿಸಬಾರದು. ಹಿಂದೆ ನೀನು ತಂದುಕೊಟ್ಟ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದ ದಿನ ಅವನು ಬೀದಿಗೆ ಓಡಿ ಲಾರಿ ಮುಂದೆ ಕಿವಿ ಮುಚ್ಚಿಕೊಂಡು ನಿಂತದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ದೊರೆಯ ವಿಷಯ ಮೇಸ್ತ್ರಿಗೂ ಹೇಳಬೇಕಾಯಿತು. "ನನ್ನ ಮಗ. ವಯಸ್ಸು ಮೂವತ್ತು ದಾಟಿದೆ, ಬುದ್ಧಿ ಮಾತ್ರ ಆರರಲ್ಲೇ ಕೂತಿದೆ" ಎಂದೆ. ಆತ ಸುಮ್ಮನೆ ತಲೆಯಾಡಿಸಿದರು. ಇಡೀ ಹೊತ್ತು ದೊರೆ ಅವರ ಬೆನ್ನಿಗೇ ಅಂಟಿಕೊಂಡಿದ್ದ.

"ಇಲ್ಲಿ ಒಂದು ಬಾಯಿ ಕೊಡೋಣ."

"ಆಮೇಲೆ?"

"ಆಮೇಲೆ ಮೆಟ್ಟಿಲ ಹತ್ರ ಒಂದು."

"ಆಮೇಲೆ?"

"ಆಮೇಲೆ ಮೇಲಿನ ಕೋಣೇಲಿ."

"ಆಮೇಲೆ?"

"ಆಮೇಲೆ ನಾನು ಮನೆಗೆ ಹೋಗ್ಬೇಕಪ್ಪಾ ಸ್ವಾಮಿ, ಹೊಟ್ಟೆ ಹಸೀತಿದೆ!"

ದೊರೆಗೆ ಅದೂ ಸಾಲಲಿಲ್ಲ. "ಆಮೇಲೆ?" ಎಂದ.

ಡಾಕ್ಟರು ಮೊನ್ನೆ ಮತ್ತೆ ಅದನ್ನೇ ಹೇಳಿದರು, ಹೊಲಿಗೆ ಬಿಡಿ, ಇಲ್ಲಾ ಧೂಳು ಬಿಡಿ ಅಂತ. ಪರದೆ, ಹೊದಿಕೆ ಹೊಲಿದು ಹೊಲಿದು ಮುಂದಿನ ಕೋಣೆ ಪೂರ್ತಿ ನೂಲಿನ ಧೂಳು. ಪೊರಕೆ ಹಿಡಿದರೆ ನೆಲದ ಮೇಲಿದ್ದದ್ದು ಎದ್ದು ನನ್ನ ಎದೆಗೇ ಬರುತ್ತದೆ. ಹಾಗಾಗಿ ಯಂತ್ರ ಬೇಕು, ಒಪ್ಪಿದೆ. ಆದರೆ ಗೋಡೆ ಕೊರೆಯುವ ಡ್ರಿಲ್ಲಿನ ಸದ್ದು ವ್ಯಾಕ್ಯೂಮಿನ ಅಪ್ಪ. ಆ ದಿನಗಳಲ್ಲಿ ದೊರೆಯನ್ನು ಎಲ್ಲಿಡಲಿ? ಯೋಚನೆ ಮಾಡಿ ಬರೆ.

ನಿನ್ನ ಅಮ್ಮ


ಮಾರ್ಚ್ ೧೨

ಅಮ್ಮಾ,

ದಿನಸಿ ಲಾರಿ ಈ ವಾರ ಒಂದು ದಿನ ತಡವಾಗಿ ಬಂತು, ಅದರ ಜೊತೆಗೆ ನಿನ್ನ ಕಾಗದವೂ. ಇಲ್ಲಿ ಸುರಂಗ ಬೆಟ್ಟದ ಅರ್ಧಕ್ಕೆ ಬಂದಿದೆ. ಬೆಳಗಿನಿಂದ ಅಳತೆ ಯಂತ್ರದ ಕಣ್ಣಿಗೆ ಕಣ್ಣಿಟ್ಟು, ಸಾಲು ನೆಟ್ಟಗಿದೆಯೋ ಇಲ್ಲವೋ ನೋಡುವುದೇ ನನ್ನ ಬಾಳು. ಫೋನು ಹಿಡಿಯುವ ಜಾಗಕ್ಕೆ ಹೋಗಬೇಕೆಂದರೆ ಅರ್ಧ ದಿನ ಬೇಕು. ಲಾರಿ ಡ್ರೈವರೇ ನಮಗೆ ಅಂಚೆಯಣ್ಣ.

ದೊರೆಯ ವಿಷಯ ನಾನೂ ಯೋಚಿಸಿದೆ. ಬೆಟ್ಟದ ರಸ್ತೆಯಲ್ಲಿ, ಹಳೆಯ ನೀರಿನ ಟ್ಯಾಂಕಿನ ಪಕ್ಕ, ಅವನಂಥವರಿಗೆಂದೇ ಒಂದು ವಸತಿ ಮನೆ ಇದೆಯಲ್ಲ, ಅಲ್ಲಿಗೆ ಬರೆದು ಕೇಳಿದೆ. ಸ್ವಲ್ಪ ದಿನಕ್ಕಾದರೂ ಇಟ್ಟುಕೊಳ್ಳುತ್ತಾರಂತೆ. ಒಂದು ಹಾಸಿಗೆ ಖಾಲಿ ಇದೆಯಂತೆ. ಮೇಲ್ವಿಚಾರಕಿಯ ಉತ್ತರ ಓದಿದರೆ ತಿಳಿವಳಿಕೆ ಇರುವ ಹೆಂಗಸು ಅನ್ನಿಸುತ್ತದೆ. ಗೋಡೆ ಕೊರೆದು ಮುಚ್ಚುವಷ್ಟು ದಿನ ಮಾತ್ರ, ಅಮ್ಮಾ.

ನಾನೇ ಕರೆಸಿಕೊಳ್ಳುತ್ತಿದ್ದೆ. ಆದರೆ ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಂಚದ ಗೂಡು, ಮನೆಯವರನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ನೀನು ಕೇಳುವ ಮೊದಲೇ ಹೇಳಿಬಿಟ್ಟೆ.

ಬೇಗ ಒಪ್ಪಿಕೋ. ನಿನ್ನ ಕೆಮ್ಮಿನ ಸದ್ದು ಈ ಬೆಟ್ಟದವರೆಗೂ ಕೇಳಿಸುತ್ತದೆ.

ಮಗಳು


ಮಾರ್ಚ್ ೨೭

ಪುಟ್ಟೀ,

ದೊರೆಯನ್ನು ಬಿಟ್ಟು ಬಂದೆ.

ಅದನ್ನು ಬರೆಯದೆ ಬೇರೆ ಯಾವ ಸಾಲಿಗೂ ಕೈ ಹೋಗಲಿಲ್ಲ. ಅದಕ್ಕೇ ಮೊದಲು ಬರೆದುಬಿಟ್ಟೆ.

ಜಾಗ ಚೆನ್ನಾಗಿದೆ. ಹೋದಾಗ ನೆಲ ಆಗ ತಾನೇ ಒರೆಸಿದ್ದರು. ಕಿಟಕಿಗಳಿಗೆ ನೀಲಿ ಪರದೆ ಇದೆ, ಹೊಲಿಗೆ ಅಷ್ಟಕ್ಕಷ್ಟೆ, ಅಂಚು ಮಡಚಿರುವುದು ಸೊಟ್ಟ. ಮೇಲ್ವಿಚಾರಕಿ ಎತ್ತರದ ಹೆಂಗಸು, ಮಾತು ನಿಧಾನ. ನನ್ನನ್ನು ಪಕ್ಕಕ್ಕೆ ಕರೆದು, "ಕದ್ದು ಹೋಗ್ಬೇಡಿ ಅಮ್ಮಾ. ಎಷ್ಟು ದಿನ ಇರ್ಬೇಕು ಅಂತ ನೀವೇ ಅವರಿಗೆ ಹೇಳಿ ಹೋಗಿ. ಅರ್ಥ ಆಗತ್ತೆ" ಎಂದರು.

ಹೇಳಬೇಕೆಂದೇ ಅವನ ಎದುರು ಕೂತೆ. ಬಾಯಿ ತೆರೆದೆ. "ಸಂಜೆ ಬರ್ತೀನಿ ದೊರೆ" ಎಂದುಬಿಟ್ಟೆ.

"ಆಮೇಲೆ?" ಎಂದ.

"ಆಮೇಲೆ ಮನೆಗೆ ಹೋಗೋಣ."

"ಆಮೇಲೆ?"

"ಆಮೇಲೆ ಊಟ."

ಅಷ್ಟು ಕೇಳಿ ಅವನು ಒಪ್ಪಿಕೊಂಡ. ನನ್ನನ್ನು ತಿನ್ನುತ್ತಿರುವುದು ಅದೇ. ಅತ್ತಿದ್ದರೆ, ಕೈ ಹಿಡಿದು ಎಳೆದಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲವೇನೋ. ಗೇಟಿನ ಹತ್ತಿರ ತಿರುಗಿ ನೋಡಿದೆ. ಅಲ್ಲೊಂದು ಕಲ್ಲುಬೆಂಚಿದೆ. ಅದರ ಮೇಲೆ ಹೋಗಿ ಕೂತಿದ್ದ, ಬಸ್ಸಿಗೆ ಕಾಯುವವನ ಹಾಗೆ.

ಇಲ್ಲಿ ಕೆಲಸ ಶುರುವಾಗಿದೆ. ಮೆಟ್ಟಿಲ ಗೋಡೆ ನೋಡಲು ಒಂದು, ಒಳಗೆ ಇನ್ನೊಂದು. ಕೊರೆದರೆ ಹಳೆಯ ಇಟ್ಟಿಗೆ ಹಿಟ್ಟಾಗಿ ಉದುರುತ್ತದೆ. ಮನೆಯೆಲ್ಲ ಕೆಂಪು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯಲ್ಲಿ ಕೂತು ಹೊಲಿಯುತ್ತಿದ್ದೇನೆ. ಧೂಳು ತೆಗೆಯಲು ಇಷ್ಟು ಧೂಳು ಮಾಡಬೇಕಾ ಎಂದು ಕೇಳಿದ್ದಕ್ಕೆ ಮೇಸ್ತ್ರಿಯ ಹೆಂಡತಿ, "ಇವ್ರ ಕೆಲಸದಲ್ಲಿ ಕೊನೇ ದಿನ ಒಂದೇ ಚೆಂದ ಅಮ್ಮಾ" ಎಂದರು.

ಇವತ್ತು ದೊಡ್ಡ ಹೊದಿಕೆಯೊಂದು ಮುಗಿಯಿತು. ಮಡಚಲು ಒಂದು ತುದಿ ಹಿಡಿದು ಇನ್ನೊಂದನ್ನು ಅಭ್ಯಾಸದ ಮೇಲೆ ಮುಂದಕ್ಕೆ ಎಸೆದೆ. ನೆಲಕ್ಕೆ ಬಿತ್ತು. ಹಿಡಿಯಲು ಅವನಿರಲಿಲ್ಲವಲ್ಲ. ಮೇಸ್ತ್ರಿಯ ಹೆಂಡತಿ ಕೈತೊಳೆದು ಬಂದು ಹಿಡಿದರು. ಪಾಪ, ಅವರಿಗೆ ಮೂಲೆಗೆ ಮೂಲೆ ಸೇರಿಸಲು ಬರಲಿಲ್ಲ.

ಅಮ್ಮ


ಏಪ್ರಿಲ್ ೫

ಅಮ್ಮಾ,

ಕಾಗದ ಓದಿದೆ. ಅದನ್ನೇ ನೆನೆಸಿಕೊಂಡು ಕೊರಗಬೇಡ. "ಸಂಜೆ" ಎಂದರೆ ಅವನಿಗೆ ಇವತ್ತಿನ ಸಂಜೆಯೇ ಆಗಬೇಕೆಂದೇನಿಲ್ಲ. ಅವನಿಗೆ ನಾಳೆ, ನಿನ್ನೆ ಎಲ್ಲ ಒಂದೇ ಎಂದು ನೀನೇ ಹೇಳುತ್ತಿದ್ದೆಯಲ್ಲ.

ಕೆಲಸ ಎಲ್ಲಿಗೆ ಬಂತು? ಅವನನ್ನು ನೋಡಲು ಹೋಗಿದ್ದೆಯಾ?

ಮಗಳು


ಏಪ್ರಿಲ್ ೨೦

ಪುಟ್ಟೀ,

ನಿನಗೆ ಬೇಗ ಬರೆಯಬೇಕೆಂದುಕೊಂಡು ತಡವಾಯಿತು. ಇಲ್ಲಿ ಒಂದಾದ ಮೇಲೊಂದು ತೊಡಕು. ಬಂದ ಮೋಟಾರು ಸರಿಯಿರಲಿಲ್ಲ, ಬದಲಾಯಿಸಲು ಕಳಿಸಿದ್ದಾರೆ. ಮೆಟ್ಟಿಲ ಗೋಡೆಯ ಗಾರೆ ಇನ್ನೂ ಒಣಗಿಲ್ಲ. ಒಣಗಿದ ಮೇಲೆ ಬಣ್ಣ. ಬಣ್ಣದ ವಾಸನೆಗೆ ದೊರೆ ವಾಂತಿ ಮಾಡುತ್ತಾನೆ, ನಿನಗೇ ಗೊತ್ತು. ಅದಕ್ಕೇ ಸ್ವಲ್ಪ ದಿನ ಹೋಗಲಿ ಎಂದು ಸುಮ್ಮನಿದ್ದೇನೆ.

ನೋಡಲು ಹೋಗಿಲ್ಲ. ಹೊಂದಿಕೊಳ್ಳುವವರೆಗೆ ಮನೆಯವರು ಬರದಿದ್ದರೇ ಒಳ್ಳೆಯದು ಎಂದು ಮೇಲ್ವಿಚಾರಕಿ ಮೊದಲ ದಿನವೇ ಹೇಳಿದ್ದರು. ಒಂದು ವಾರ ಎಂದಿದ್ದರೇನೋ. ಚೆನ್ನಾಗಿದ್ದಾನೆ ಎಂದು ಫೋನಿನಲ್ಲಿ ಹೇಳುತ್ತಿರುತ್ತಾರೆ.

ಯಂತ್ರದ ಒಂದು ಕಥೆ ಕೇಳು. ಮೊನ್ನೆ ಮೇಜಿನ ಕೆಳಗೆ ಕೊಳವೆ ಆಡಿಸುತ್ತಿದ್ದೆ, ನನ್ನ ಅಳತೆ ಟೇಪನ್ನೇ ನುಂಗಿಬಿಟ್ಟಿತು! ಗೋಡೆಯೊಳಗೆ ಅದು ಕಟಕಟ ಎಂದು ಓಡಿದ್ದು ಶೆಡ್ಡಿನವರೆಗೂ ಕೇಳಿಸಿತು. ಮೇಸ್ತ್ರಿ ಬಂದು ಡಬ್ಬಿ ಬಿಚ್ಚಿ ಧೂಳಿನ ಗುಡ್ಡೆಯಿಂದ ಎಳೆದು ಕೊಟ್ಟು, "ನಿಮ್ಮ ಮನೆ ಉದ್ದ ಎಷ್ಟು ಅಂತ ಅಳೆದು ಬಂತು ನೋಡಿ" ಎಂದರು. ಅಡುಗೆಮನೆ ಕಟ್ಟೆಯ ಬುಡದಲ್ಲೂ ಒಂದು ಸಂದು ಮಾಡಿದ್ದಾರೆ. ಕಸವನ್ನು ಕಾಲಲ್ಲಿ ಅದರ ಮುಂದೆ ತಳ್ಳಿದರೆ ಸಾಕು, ಬಗ್ಗುವುದೇ ಬೇಡ. ಪರೀಕ್ಷೆಗೆಂದು ಓಡಿಸಿದಾಗಿನ ಮಾತು ಇದು, ಹಳೆಯ ಮೋಟಾರಿನಲ್ಲಿ.

ಕೆಮ್ಮು ಕಡಿಮೆಯಾಗಿದೆ. ಮಧ್ಯಾಹ್ನ ಊಟವಾದ ಮೇಲೆ ಮಲಗುತ್ತೇನೆ. ಮಲಗಿದರೆ ನಿದ್ದೆ ಬರುತ್ತದೆ, ಎಬ್ಬಿಸುವವರಿಲ್ಲ. ಶುಕ್ರವಾರ ಪರದೆ ಕೊಟ್ಟು ಬರುವಾಗ ಚೌಕದ ಹೋಟೆಲಿನಲ್ಲಿ ಒಬ್ಬಳೇ ಕೂತು ಕಾಫಿ ಕುಡಿದೆ. ಕಿಟಕಿ ಪಕ್ಕದ ಕುರ್ಚಿ. ಲೋಟ ಖಾಲಿಯಾದ ಮೇಲೂ ಕೂತೇ ಇದ್ದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಿಸಿ ಕಾಫಿ ಬಿಸಿಯಾಗಿರುವಾಗಲೇ ಕುಡಿದ ನೆನಪಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ಗೋಡೆ ಒಣಗಲಿ.

ಅಮ್ಮ


ಮೇ ೪

ಮೇಡಂ ಅವರಿಗೆ ಪೈಪಿನ ಮೇಸ್ತ್ರಿಯ ನಮಸ್ಕಾರಗಳು.

ಸುರಂಗದ ಕ್ಯಾಂಪಿನಿಂದ ನೀವು ಬರೆದ ಕಾಗದ ಕೈ ಸೇರಿತು. ಮೋಟಾರು ಬದಲಾಯಿಸಲು ಯಾಕೆ ಇಷ್ಟು ದಿನ, ಗೋಡೆ ಯಾಕೆ ಇನ್ನೂ ಒಣಗಿಲ್ಲ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದ್ದೀರಿ. ಓದಿದಾಗ ನಮ್ಮ ಮನೆಯವಳಿಗೆ ಸಿಟ್ಟು ಬಂತು. ಅವಳು ಹಾಕಿದ ಗಾರೆ ಒಣಗಿಲ್ಲ ಎಂದು ಈವರೆಗೆ ಯಾರೂ ಹೇಳಿಲ್ಲ.

ಮೇಡಂ, ತಾವು ಬೇರೆ ಯಾರದೋ ಮನೆಯ ವಿಷಯ ತಿಳಿದುಕೊಂಡಿರಬೇಕು. ನಿಮ್ಮ ಮನೆಯಲ್ಲಿ ಮೋಟಾರು ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಏಪ್ರಿಲ್ ಮೊದಲ ವಾರದಲ್ಲೇ ಬಣ್ಣದ ಸಮೇತ ಎಲ್ಲ ಮುಗಿಸಿ ಸಾಮಾನು ಎತ್ತಿಕೊಂಡು ಬಂದೆವು. ಆಮೇಲೆ ಒಂದು ಸಲ ಟೇಪು ತೆಗೆದುಕೊಡಲು ಹೋಗಿದ್ದೆ ಅಷ್ಟೆ. ಯಂತ್ರ ಚೆನ್ನಾಗಿ ಓಡುತ್ತಿದೆ. ತಾಯಿಯವರಿಗೂ ಸಮಾಧಾನವಿದೆ. ಬೇಕಾದರೆ ಅವರನ್ನೇ ಕೇಳಿ.

ದೊರೆಯಪ್ಪ ಮನೆಗೆ ಬಂದಿದ್ದಾರೆಯೇ? ಕೇಳಿದೆನೆಂದು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಪೈಪಿನ ಮೇಸ್ತ್ರಿ


ಮೇ ೧೦

ಅಮ್ಮಾ,

ಅವಸರ ಮಾಡಬೇಡ. ಗೋಡೆ ಒಣಗಲು ಸಮಯ ಹಿಡಿಯುತ್ತದೆ. ಸುರಂಗದಲ್ಲಿ ನಾನು ದಿನವೂ ನೋಡುತ್ತಿದ್ದೇನೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮೋಟಾರು ಬರಲಿ, ಬಣ್ಣದ ವಾಸನೆ ಪೂರ್ತಿ ಹೋಗಲಿ, ಆಮೇಲೆ ನೋಡೋಣ.

ವಸತಿ ಮನೆಗೆ ನಾನೇ ಬರೆದು ಇನ್ನೂ ಸ್ವಲ್ಪ ಕಾಲ ಇಟ್ಟುಕೊಳ್ಳಿ ಎಂದು ಹೇಳಿದ್ದೇನೆ. ನೀನು ಆ ಚಿಂತೆ ಬಿಡು.

ಮಧ್ಯಾಹ್ನ ಮಲಗುವುದನ್ನು ಬಿಡಬೇಡ.

ಮಗಳು


ಜೂನ್ ೨

ಪುಟ್ಟೀ,

ನಿನ್ನ ಕಾಗದ ಓದಿ ಹಾಯೆನಿಸಿತು. ಹಾಯೆನಿಸಿತಲ್ಲಾ ಎಂದು ಆಮೇಲೆ ಭಯವಾಯಿತು. ಮಗಳಿಗೆ ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಮೋಟಾರು ಎಲ್ಲಿಗೂ ಹೋಗಿರಲಿಲ್ಲ. ಗೋಡೆ ಯಾವಾಗಲೋ ಒಣಗಿದೆ. ಕೆಲಸ ಮುಗಿದ ದಿನ ಮೇಸ್ತ್ರಿ ಹೆಂಡತಿ ನೆಲ ಒರೆಸಿಕೊಟ್ಟು ಹೋದರು. ಮಾರನೆಯ ದಿನ ಬೆಳಿಗ್ಗೆ ಅವನನ್ನು ಕರೆತರಲು ಚಪ್ಪಲಿ ಹಾಕಿಕೊಂಡೆ. ಬಾಗಿಲ ಹತ್ತಿರ ನಿಂತು, ನಾಳೆ ಹೋದರಾಯಿತು, ಇವತ್ತೊಂದು ದಿನ ಎಂದುಕೊಂಡು ಕಳಚಿಟ್ಟೆ. ಮಾರನೆಯ ದಿನ ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಹೀಗೇ ನಡೆಯಿತು. ಒಂದು ದಿನವೂ ನಾನು, ಅವನು ಅಲ್ಲೇ ಇರಲಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಲಿಲ್ಲ. ನಾಳೆ, ನಾಳೆ ಎಂದೆ ಅಷ್ಟೆ.

ಹೋದ ವಾರ ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ಡಬ್ಬಿ ಖಾಲಿ ಮಾಡಿದೆ. ಮೊದಲ ಸಲ ಮೇಸ್ತ್ರಿ ಟೇಪು ತೆಗೆದುಕೊಟ್ಟಾಗ ನೋಡಿದ್ದೆ. ಆಗ ಅದರಲ್ಲಿ ಎಲ್ಲ ಇತ್ತು. ಅವನು ಸೋಫಾ ಸಂದಿಗೆ ತುರುಕಿದ ಬಿಸ್ಕತ್ತಿನ ಪುಡಿ, ಕಚ್ಚಿ ಉಗಿದ ಉಗುರು, ಮಂಚದ ಕೆಳಗಿನ ಕೂದಲು, ಪೆನ್ಸಿಲ್ ಸಿಪ್ಪೆ. ಈ ಸಲ ಬಗ್ಗಿಸಿದಾಗ ಬರೀ ನೂಲಿನ ಧೂಳು ಬಿತ್ತು, ಬೂದುಬಣ್ಣದ ಹತ್ತಿಯ ಹಾಗೆ. ಕೈ ಹಾಕಿ ಕೆದಕಿದೆ. ಅವನದೆನ್ನುವುದು ಒಂದು ಚೂರೂ ಇರಲಿಲ್ಲ. ಇಷ್ಟು ಚೊಕ್ಕಟವಾಗಿ ನಾನು ಅವನನ್ನು ಮನೆಯಿಂದ ತೆಗೆದಿದ್ದೆ. ಅಲ್ಲೇ ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟೆ.

ಅಲ್ಲಿಂದ ಎದ್ದು ಆಗಲೇ ಬಸ್ಸು ಹಿಡಿದು ಹೋದೆ. ಗೇಟಿನ ಕಲ್ಲುಬೆಂಚು ಖಾಲಿ ಇತ್ತು. ಮೇಲ್ವಿಚಾರಕಿ ನನ್ನನ್ನು ನೋಡಿ ಆಕ್ಷೇಪದ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ದಿನಾ ಸಂಜೆ ಆ ಬೆಂಚ್ ಮೇಲೆ ಕೂತ್ಕೋತಿದ್ರು. ಕತ್ತಲಾದ್ಮೇಲೆ ಕೈ ಹಿಡಿದು ಒಳಗೆ ಕರ್ಕೊಂಡು ಬರ್ತಿದ್ವಿ. ಈಗ ಕೂರಲ್ಲ."

"ಯಾವತ್ತಿಂದ ಬಿಟ್ಟ?" ಎಂದೆ.

ಅವರು ಯೋಚಿಸಿದರು. "ಅದನ್ನ ಯಾರೂ ಗಮನಿಸ್ಲಿಲ್ಲಮ್ಮ" ಎಂದರು.

ಒಳಗೆ ಉದ್ದನೆಯ ಮೇಜಿನ ಮುಂದೆ ಇನ್ನಿಬ್ಬರ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದ. ಸಣ್ಣಗಾಗಿಲ್ಲ. ಕೂದಲು ನೀಟಾಗಿ ಕತ್ತರಿಸಿದ್ದಾರೆ. ನನ್ನನ್ನು ನೋಡಿದ. ಏಳಲಿಲ್ಲ. ಮತ್ತೆ ಬಟಾಣಿಗೆ ಕೈ ಹಾಕಿದ.

ಪಕ್ಕದಲ್ಲಿ ಕೂತು, "ಮನೆಗೆ ಹೋಗೋಣ್ವಾ ದೊರೆ?" ಎಂದೆ.

"ಸಂಜೆ" ಎಂದ.

ಅಷ್ಟೇ. ಆಮೇಲೆ ಎನ್ನಲಿಲ್ಲ. ನಾನು ಕಾದೆ. ಅವನು ಅನ್ನಲೇ ಇಲ್ಲ.

ಈಗ ಹೇಳುವುದನ್ನು ಕೇಳಿ ನೀನು ನನ್ನನ್ನು ಏನಾದರೂ ಅಂದುಕೋ. ಸಂಜೆಯವರೆಗೆ ಅಲ್ಲೇ ಕೂತಿದ್ದು ಕರೆತರಬಹುದಾಗಿತ್ತು. ನನ್ನಿಂದ ಕೂರಲು ಆಗಲಿಲ್ಲ. ಅವನ ಮುಖ ನೋಡಿಕೊಂಡು ಒಂದು ಗಂಟೆ ಇದ್ದೆನೋ ಏನೋ, ಪರದೆ ಕೊಡುವುದಿದೆ ಎಂದು ಮೇಲ್ವಿಚಾರಕಿಗೆ ಹೇಳಿ ಎದ್ದು ಬಂದೆ. ಕೊಡುವ ಪರದೆ ಯಾವುದೂ ಇರಲಿಲ್ಲ. ಎರಡನೇ ಸಲ ಬಿಟ್ಟು ಬಂದೆ ಪುಟ್ಟೀ. ಈ ಸಲ ಗೋಡೆಯ ನೆಪವೂ ಇರಲಿಲ್ಲ.

ಒಬ್ಬಳೇ ಹೋದರೆ ಮತ್ತೆ ಹೀಗೇ ಮಾಡುತ್ತೇನೆ. ನನಗೆ ನನ್ನ ಮೇಲೆ ನಂಬಿಕೆ ಹೋಗಿದೆ.

ಅಮ್ಮ


ಜೂನ್ ೧೦

ಅಮ್ಮಾ,

ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಸುರಂಗದ ಬಾಯಿಯ ಹತ್ತಿರ ನಿಂತಿದ್ದೆ. ಮೇಲಧಿಕಾರಿ ಬಂದು ಯಾರಾದರೂ ತೀರಿಕೊಂಡರಾ ಎಂದು ಕೇಳಿದರು. ಇಲ್ಲ ಎಂದೆ.

ನನಗೆ ಗೊತ್ತಿತ್ತು. ಮೇಸ್ತ್ರಿಗೆ ಜೋರು ಮಾಡಿ ಬರೆದಿದ್ದೆ. ಕೆಲಸ ಯಾವಾಗಲೋ ಮುಗಿದಿದೆ ಎಂದು ಆತ ಉತ್ತರ ಬರೆದರು. ಅದನ್ನು ಓದಿದ ಮೇಲೆ ನಿನಗೆ ಬರೆದೆ, ಗೋಡೆ ಒಣಗಲಿ ಎಂದು. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ತಿಳಿದು, ನಿನ್ನ ಸುಳ್ಳಿಗೆ ನಾನು ಬಣ್ಣ ಹಚ್ಚಿಕೊಟ್ಟೆ. ಅಮ್ಮನಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದು ಮಾಡಿದೆ ಅಂತ ಒಂದು ವಾರ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಮಾಡಿದ್ದು ನಿನಗಾಗಿ ಅಲ್ಲ.

ಇಲ್ಲಿ ಮನೆಯವರನ್ನು ಇಟ್ಟುಕೊಳ್ಳಲು ಬಿಡುತ್ತಾರೆ ಅಮ್ಮಾ. ಎರಡು ಕೋಣೆಯ ಕ್ವಾರ್ಟರ್ಸ್ ಬೇಕಾ ಎಂದು ಫೆಬ್ರವರಿಯಲ್ಲಿ ಕೇಳಿದ್ದರು. ನೀನು ಕೆಮ್ಮುತ್ತಿದ್ದದ್ದು, ಗೋಡೆ ಕೊರೆಯಬೇಕಾದೀತು ಎನ್ನುವುದು ಎಲ್ಲ ಗೊತ್ತಿದ್ದೂ ಬೇಡ ಎಂದೆ. ಒಬ್ಬಳೇ, ಒಂದು ಮಂಚ ಸಾಕು ಎಂದು ಬರೆದುಕೊಟ್ಟೆ. ನನ್ನ ಹೆದರಿಕೆ ಏನೆಂದರೆ, ಒಂದು ಸಲ ನನ್ನ ಬಾಗಿಲಿಗೆ ಬಂದರೆ ಅವನು ನನ್ನ ಪಾಲಿಗೇ ಬಂದುಬಿಡುತ್ತಾನೆ. ನೀನಿಲ್ಲದ ಕಾಲ ಈಗಲೇ ಶುರುವಾಗಿಬಿಡುತ್ತದೆ. ವಸತಿ ಮನೆಯಲ್ಲಿ ಅವನು ಹೊಂದಿಕೊಂಡರೆ ಆ ಕಾಲ ಬಂದಾಗ ನಾನು ಏನೂ ಮಾಡಬೇಕಾಗಿಲ್ಲ. ನಿನ್ನ ಕೆಮ್ಮಿನ ಹೆಸರಿನಲ್ಲಿ ಅದಕ್ಕೆ ದಾರಿ ಮಾಡಿಕೊಂಡೆ. ನೀನು ಬೆಂಚಿನ ಮೇಲೆ ಕೂರಿಸಿ ಬಂದೆ. ಕೂರಿಸು ಎಂದವಳು ನಾನು.

ಶನಿವಾರದ ಲಾರಿಯಲ್ಲಿ ಬರುತ್ತೇನೆ, ರಜೆ ಹಾಕಿದ್ದೇನೆ. ಬೆಳಿಗ್ಗೆ ಹೋಗುವುದು ಬೇಡ, ಸಂಜೆ ಹೊತ್ತಿಗೇ ಹೋಗೋಣ. ಅವನು ಹೇಳಿದ್ದು ಸಂಜೆ ತಾನೆ.

ನೀನು ಹಿಂದೆ ಸರಿದರೆ ನಾನು ಹಿಡಿದುಕೊಳ್ಳುತ್ತೇನೆ. ನಾನು ಸರಿದರೆ ನೀನು.

ನಿನ್ನ ಮಗಳು


ಜುಲೈ ೨೮

ಪುಟ್ಟೀ,

ನೀನು ಹೊರಟ ಮೇಲೆ ಮನೆ ಹೇಗಿದೆ ಎಂದು ಕೇಳಿದ್ದೀಯ. ಉಳಿದದ್ದನ್ನು ನೀನೇ ಕಣ್ಣಾರೆ ಕಂಡಿದ್ದೀಯ. ಅವತ್ತು ಸಂಜೆ ಬಸ್ಸಿನಲ್ಲಿ ಅವನು ನಮ್ಮಿಬ್ಬರ ನಡುವೆ ಕೂತು, ಮನೆ ಬರುವವರೆಗೂ ಒಂದು ಮಾತಾಡದೆ ಬಂದದ್ದು, ಬಂದವನು ಕೋಣೆ ಕೋಣೆ ತಿರುಗಿ ಗೋಡೆಯ ಹೊಸ ಮುಚ್ಚಳಗಳನ್ನೆಲ್ಲ ಎತ್ತಿ ನೋಡಿದ್ದು.

ನೀನಿರುವಾಗ ನಾನು ಯಂತ್ರ ಹಚ್ಚಲಿಲ್ಲ, ಧೈರ್ಯ ಸಾಲಲಿಲ್ಲ. ಹೋದ ವಾರ ಹಚ್ಚಿದೆ. ಅವನು ಮೆಟ್ಟಿಲ ಮೇಲೆ ಕೂತಿದ್ದ. ಕತ್ತು ವಾಲಿಸಿ ಕೇಳಿಸಿಕೊಂಡ. ಓಡಲಿಲ್ಲ, ಕಿವಿ ಮುಚ್ಚಲಿಲ್ಲ. ಹಾಗೇ ಕೂತಿದ್ದ. ಮೇಸ್ತ್ರಿ ಹೇಳಿದಂತೆಯೇ ಮನೆಯೊಳಗೆ ಬರೀ ನಿಟ್ಟುಸಿರು. ನಮ್ಮಿಬ್ಬರಿಗಿಂತ ಆ ಯಂತ್ರವೇ ಮಾತು ಉಳಿಸಿಕೊಂಡಿದೆ.

ಸಂತೋಷವಾಗಿದ್ದೀಯಾ ಎಂದು ಮಾತ್ರ ಕೇಳಬೇಡ. ಅವನು ಮನೆಯಲ್ಲಿದ್ದಾನೆ, ಎದೆಯ ಮೇಲಿನ ಕಲ್ಲು ಇಳಿದಿದೆ, ಅದು ನಿಜ. ಅವನ 'ಆಮೇಲೆ' ಈಚೆಗೆ ಮರಳಿ ಬಂದಿದೆ, ಮಧ್ಯಾಹ್ನ ಅದು ಶುರುವಾದಾಗ ಚೌಕದ ಆ ಕಿಟಕಿ ಪಕ್ಕದ ಕುರ್ಚಿ ನೆನಪಾಗುತ್ತದೆ, ಅದೂ ನಿಜ. ನಿನ್ನ ಹತ್ತಿರ ಹೇಳದೆ ಇನ್ನಾರ ಹತ್ತಿರ ಹೇಳಲಿ? ತಿಂಗಳಿಗೊಂದು ವಾರ ನೀನು ಬಂದು ನಿಲ್ಲುತ್ತೇನೆ ಎಂದಿದ್ದೀಯಲ್ಲ, ಬಾ. ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಹಿಂದಿನ ಹಾಗೆ ದೊಡ್ಡಸ್ತಿಕೆ ಮಾಡುವುದಿಲ್ಲ. ಕ್ವಾರ್ಟರ್ಸ್ ಕೇಳುತ್ತೇನೆ, ಅವನನ್ನು ಅಲ್ಲಿಗೆ ಕಳಿಸು ಎಂದೂ ಬರೆದಿದ್ದೀಯ. ಕಳಿಸುವ ಮಾತು ಈಗ ಬೇಡ. ಮುಂದೆ ಯಾವಾಗಲಾದರೂ ನಾವಿಬ್ಬರೂ ಅಲ್ಲಿಗೆ ಬರುತ್ತೇವೆ, ಮೂವರೂ ಒಟ್ಟಿಗೆ ನಿನ್ನ ಸುರಂಗ ನೋಡೋಣ.

ಬರೆಯಬೇಕೆಂದಿದ್ದು ಇನ್ನೊಂದು ವಿಷಯ. ವಸತಿ ಮನೆಯಿಂದ ಬಂದಾಗಿನಿಂದ ಅವನು ಕಾಲಿನ ಶೂ ಬಿಚ್ಚುತ್ತಿಲ್ಲ. ನೀನಿರುವಾಗ ಆಟವೆಂದುಕೊಂಡೆವು. ಆಟವಲ್ಲ. ಊಟಕ್ಕೂ ಶೂ, ಹಾಸಿಗೆಗೂ ಶೂ. ಸ್ನಾನಕ್ಕೆ ಬಿಚ್ಚಿದರೆ ಬಾಗಿಲಲ್ಲೇ ಇಟ್ಟುಕೊಂಡು ಕಣ್ಣು ಅದರ ಮೇಲೇ. ಇಲ್ಲಿಂದಲೂ ಮತ್ತೆ ಎಲ್ಲಿಗೋ ಕಳಿಸುತ್ತಾರೆ ಎಂದೋ, ನಾನು ಹೊರಟರೆ ತಾನೂ ಹಿಂದೆಯೇ ಹೊರಡಬೇಕೆಂದೋ, ಗೊತ್ತಿಲ್ಲ. ಹಾಸಿಗೆಯೆಲ್ಲ ಮಣ್ಣು. ಬಿಚ್ಚು ಎನ್ನುವ ಬಾಯಿ ನನಗೆಲ್ಲಿದೆ? ದಿನಾ ಬೆಳಿಗ್ಗೆ ಕೊಳವೆ ತಂದು ಮಣ್ಣು ತೆಗೆಯುತ್ತೇನೆ, ಸುಮ್ಮನಿರುತ್ತೇನೆ.

ಈಗ ಅವನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನಿನ್ನೆ ಪರದೆ ಕೊಡಲು ಹೋಗಬೇಕಿತ್ತು. ಅವನನ್ನು ಕರೆದೊಯ್ಯುವ ಹಾಗಿರಲಿಲ್ಲ, ಮೇಸ್ತ್ರಿಯ ಹೆಂಡತಿಯನ್ನು ಜೊತೆಗೆ ಕೂರಿಸಿದೆ. "ನಾನು ಹೋಗ್ತೀನಿ ದೊರೆ. ನೀನು ಬರಲ್ಲ. ಊಟದ ಹೊತ್ತಿಗೆ ಬರ್ತೀನಿ" ಎಂದೆ. ಗೇಟಿನವರೆಗೆ ಬಂದು ನಿಂತ.

ಪರದೆಯ ಮನೆಯಾಕೆಗೆ ಮಾತಿನ ಚಪಲ. ಕುರ್ಚಿ ಹಾಕಿದರು, ಕಾಫಿ ತರುತ್ತೇನೆ ಎಂದರು. ಕಿಟಕಿಗಳನ್ನು ಇನ್ನೊಂದು ಸಲ ಅಳೆದು ನೋಡಿ ಎಂದರು. "ಇನ್ನೊಂದಿನ ಬರ್ತೀನಿ, ಮನೇಲಿ ಕಾಯ್ತಿದ್ದಾರೆ" ಎಂದು ಅರ್ಧ ಮಾತಿನಲ್ಲೇ ಎದ್ದೆ. ಬಸ್ಸು ತಪ್ಪಿತು. ನಡೆದೆ, ನಡೆದರೆ ಸಾಲದು ಎಂದು ಓಡಿದೆ. ಈ ವಯಸ್ಸಿನಲ್ಲಿ, ಈ ಎದೆ ಹೊತ್ತುಕೊಂಡು, ನಡುಬೀದಿಯಲ್ಲಿ ಓಡಿದೆ. ನೋಡಿದವರು ನಕ್ಕಿರಬೇಕು.

ಗೇಟಿನಲ್ಲೇ ನಿಂತಿದ್ದ. ಬಾ ಬಾ ಎಂದು ಕರೆದರೂ ಒಳಗೆ ಬಂದಿಲ್ಲವಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಗೇಟು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದೆ. "ಊಟ" ಎಂದ. "ಹೂಂ, ಊಟ" ಎಂದೆ. ತಿರುಗಿ ಒಳಗೆ ನಡೆದ.

ನಾನು ಕೈತೊಳೆದು ತಟ್ಟೆ ಹಾಕುವಷ್ಟರಲ್ಲಿ ಅವನು ಕುರ್ಚಿಯಲ್ಲಿ ಕೂತು ಬಗ್ಗಿ ಏನೋ ಮಾಡುತ್ತಿದ್ದ. ಲೇಸು ಗಂಟು ಬಿದ್ದಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ. ತುಂಬ ಹೊತ್ತು ಎಳೆದಾಡಿ ಒಂದು ಶೂ ಬಿಚ್ಚಿ, ಮೇಜಿನ ಕೆಳಗೆ ತನ್ನ ಕಾಲಿಗೆ ತಾಗುವ ಹಾಗೆ ಇಟ್ಟುಕೊಂಡ. ಒಂದೇ.

ಇನ್ನೊಂದರ ಮಾತು ನಾನು ಎತ್ತಲಿಲ್ಲ. ಅನ್ನ ಬಡಿಸಿದೆ.

ನಿನ್ನ ಅಮ್ಮ